ಬೀಗ ಬೀಳುವ ಮುನ್ನ: ಒತ್ತೆ ತಂತ್ರಾಂಶದಿಂದ ಗಣಕ, ಮೊಬೈಲ್‌ಗಳ ರಕ್ಷಣೆ

ನೀವು ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕರೆಂದು ಭಾವಿಸಿಕೊಳ್ಳಿ. ಹತ್ತನೆಯ ತರಗತಿಯ ಆಂತರಿಕ ಮೌಲ್ಯಮಾಪನದ ಅಂಕಪಟ್ಟಿಯನ್ನು ಸೋಮವಾರ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಬೇಕಾಗಿದೆ. ಬೆಳಿಗ್ಗೆ ಬಂದು ಕಚೇರಿಯ ಕಂಪ್ಯೂಟರ್ ಚಾಲೂ ಮಾಡುತ್ತೀರಿ. ಕಡತಗಳು ಇದ್ದಲ್ಲಿಯೇ ಇವೆ. ಆದರೆ ಪ್ರತಿಯೊಂದು ಕಡತದ ಹೆಸರಿನ ಕೊನೆಗೂ ಎಂದೂ ಕಾಣದ ನಾಲ್ಕು ಅಕ್ಷರಗಳು ಅಂಟಿಕೊಂಡಿವೆ. ಅಂಕಪಟ್ಟಿ ತೆರೆಯುವುದಿಲ್ಲ. ನುಡಿಯಲ್ಲಿ ಬೆರಳಚ್ಚು ಮಾಡಿಟ್ಟ ಪ್ರಶ್ನೆಪತ್ರಿಕೆಗಳು ತೆರೆಯುವುದಿಲ್ಲ. ಹತ್ತು ವರ್ಷಗಳ ಶಾಲಾ ವಾರ್ಷಿಕೋತ್ಸವದ ಛಾಯಾಚಿತ್ರಗಳೂ ತೆರೆಯುವುದಿಲ್ಲ. ಉಳಿದಿರುವುದು ಒಂದು ಚಿಕ್ಕ ಟಿಪ್ಪಣಿ ಮಾತ್ರ: ನಿಮ್ಮ ಕಡತಗಳಿಗೆ ಬೀಗ ಹಾಕಲಾಗಿದೆ, ಇಷ್ಟು ಡಾಲರ್ ಕೊಟ್ಟರೆ ಕೀಲಿ ಸಿಗುತ್ತದೆ.

ಆಗ ಯಾರನ್ನು ಕರೆಯುತ್ತೀರಿ? ಪಕ್ಕದ ರಸ್ತೆಯ ಕಂಪ್ಯೂಟರ್ ರಿಪೇರಿಯವರನ್ನೆ? ಇಂಜಿನಿಯರಿಂಗ್ ಓದುತ್ತಿರುವ ಹಳೆಯ ವಿದ್ಯಾರ್ಥಿಯನ್ನೆ? ಬೀಗವನ್ನು ಸರಿಯಾಗಿ ಹಾಕಿದ್ದರೆ ಅವರಿಂದಷ್ಟೇ ಅಲ್ಲ, ಜಗತ್ತಿನ ಅತಿ ವೇಗದ ಮಹಾಗಣಕದಿಂದಲೂ ಅದನ್ನು ತೆರೆಯಲಾಗದು. ಏಕೆ ತೆರೆಯಲಾಗದು ಎಂಬುದು ಪ್ರೌಢಶಾಲೆಯ ಗಣಿತದಿಂದಲೇ ಅರ್ಥವಾಗುವ ವಿಷಯ. ಅದು ಅರ್ಥವಾದರೆ ರಕ್ಷಣೆಯ ಕೆಲಸವನ್ನು ಯಾವಾಗ ಮಾಡಬೇಕೆಂಬುದೂ ತಾನಾಗಿಯೇ ಸ್ಪಷ್ಟವಾಗುತ್ತದೆ.

ವೈರಸ್, ಹುಳು, ಟ್ರೋಜನ್

ಹಾನಿ ಮಾಡಲೆಂದೇ ಬರೆದ ತಂತ್ರಾಂಶಗಳಿಗೆಲ್ಲ ಒಟ್ಟಾಗಿ ಕುತಂತ್ರಾಂಶ ಎನ್ನಬಹುದು. ನಾವು ಮಾತಿನಲ್ಲಿ ಎಲ್ಲವನ್ನೂ ವೈರಸ್ ಎಂದು ಕರೆದರೂ ಅವು ಹರಡುವ ಬಗೆ ಬೇರೆ ಬೇರೆ.

ವೈರಸ್ ಇನ್ನೊಂದು ಕಡತಕ್ಕೆ ಅಥವಾ ಡಿಸ್ಕಿಗೆ ಅಂಟಿಕೊಂಡು ಬದುಕುತ್ತದೆ. ಆ ಕಡತವನ್ನು ಯಾರಾದರೂ ಒಯ್ದು, ಇನ್ನೊಂದು ಗಣಕದಲ್ಲಿ ತೆರೆದಾಗ ಮಾತ್ರ ಅದು ಹರಡುತ್ತದೆ. ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎನಿಸಿದ 'ಬ್ರೇನ್' 1986ರಲ್ಲಿ ಲಾಹೋರಿನ ಇಬ್ಬರು ಸಹೋದರರ ಕೈಯಲ್ಲಿ ಹುಟ್ಟಿ, ಫ್ಲಾಪಿಗಳ ಮೂಲಕ ದೇಶದಿಂದ ದೇಶಕ್ಕೆ ಹೋಯಿತು. ಇಂದು ಫ್ಲಾಪಿಯ ಜಾಗದಲ್ಲಿ ಪೆನ್‌ಡ್ರೈವ್ ಇದೆ. ಕೆಂಗೇರಿ ಉಪನಗರದ ಮನೆಯಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ನೀವು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ನೇರಳೆ ಮಾರ್ಗದ ಮೆಟ್ರೊ ಹತ್ತಿ, ವಿಜಯನಗರದ ಡಿಟಿಪಿ ಅಂಗಡಿಯಲ್ಲಿ ಮುದ್ರಿಸಿಕೊಂಡು, ಬಳಿಕ ಶಾಲೆಯ ಗಣಕಕ್ಕೆ ಚುಚ್ಚಿದರೆ ಮೂರು ಗಣಕಗಳನ್ನು ಒಂದೇ ದಿನದಲ್ಲಿ ಜೋಡಿಸಿದಂತಾಯಿತು. ಆ ಅಂಗಡಿಯ ಗಣಕಕ್ಕೆ ದಿನಕ್ಕೆ ಎಷ್ಟು ಜನರ ಪೆನ್‌ಡ್ರೈವ್ ಬಂದು ಹೋಗುತ್ತದೆ ಎಂದು ಒಮ್ಮೆ ಯೋಚಿಸಿ.

ಹುಳುವಿಗೆ ಹೊತ್ತೊಯ್ಯುವವರು ಬೇಕಿಲ್ಲ. ಜಾಲದ ತಂತಿಯಲ್ಲಿ ತಾನೇ ಹರಿದು, ತೆರೆದಿರುವ ಬಾಗಿಲನ್ನು ಹುಡುಕಿ ಒಳನುಗ್ಗುತ್ತದೆ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಬಿಡುಗಡೆಯಾದ ಮಾರಿಸ್ ಹುಳು ಅಂತರಜಾಲದ ಮೊದಲ ದೊಡ್ಡ ಪಿಡುಗು.

ಟ್ರೋಜನ್ ವೇಷಧಾರಿ. ಒಳ್ಳೆಯ ತಂತ್ರಾಂಶದಂತೆ ತೋರಿ, ಬಳಕೆದಾರರ ಕೈಯಿಂದಲೇ ಒಳಗೆ ಬರುತ್ತದೆ.

ರ‍್ಯಾನ್ಸಮ್‌ವೇರ್, ಅಂದರೆ ಒತ್ತೆ ತಂತ್ರಾಂಶ, ಈ ಮೂರರಲ್ಲಿ ಯಾವ ದಾರಿಯಿಂದಲಾದರೂ ಬರಬಹುದು. ಅದನ್ನು ಗುರುತಿಸುವುದು ಬಂದ ದಾರಿಯಿಂದಲ್ಲ, ಬಂದ ಮೇಲೆ ಮಾಡುವ ಕೆಲಸದಿಂದ. ಅದು ಕಡತಗಳನ್ನು ಕದ್ದೊಯ್ಯದಿದ್ದರೂ, ಅಳಿಸದಿದ್ದರೂ, ನಮ್ಮ ಮುಂದೆಯೇ ಇಟ್ಟು ನಮಗೆ ದಕ್ಕದಂತೆ ಮಾಡುತ್ತದೆ.

ಮೊದಲ ಒತ್ತೆ, ಮುರಿದ ಬೀಗ

ಒತ್ತೆ ತಂತ್ರಾಂಶದ ಕಥೆ 1989ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಏಡ್ಸ್ ರೋಗದ ಬಗ್ಗೆ ಮಾಹಿತಿ ಕೊಡುವುದಾಗಿ ಹೇಳಿಕೊಂಡ ಸುಮಾರು 20,000 ಫ್ಲಾಪಿಗಳನ್ನು ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಅಂಚೆಯಲ್ಲಿ ಹಲವು ದೇಶಗಳಿಗೆ ಕಳಿಸಿದ. ಫ್ಲಾಪಿ ಬಳಸಿದ ಗಣಕವನ್ನು ಸುಮಾರು 90 ಬಾರಿ ಚಾಲೂ ಮಾಡುವವರೆಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಕಡತಗಳ ಹೆಸರುಗಳೆಲ್ಲ ಗೂಢಲಿಪಿಗೆ ತಿರುಗುತ್ತಿದ್ದವು. ಸರಿಪಡಿಸಲು 189 ಡಾಲರನ್ನು ಪನಾಮಾ ದೇಶದ ಒಂದು ಅಂಚೆ ಪೆಟ್ಟಿಗೆಗೆ ಕಳಿಸಬೇಕಿತ್ತು.

ಆದರೆ ಆ ಬೀಗದಲ್ಲಿ ಒಂದು ದೋಷವಿತ್ತು. ಹಾಕುವ ಕೀಲಿಯೂ ತೆಗೆಯುವ ಕೀಲಿಯೂ ಒಂದೇ. ಆ ಕೀಲಿ ತಂತ್ರಾಂಶದ ಒಳಗೇ ಇತ್ತು. ಬೀಗ ಹಾಕಿದ ಕಳ್ಳ ಕೀಲಿಯನ್ನು ಬಾಗಿಲ ಪಕ್ಕದಲ್ಲೇ ಮರೆತು ಹೋದಂತೆ. ಜಿಮ್ ಬೇಟ್ಸ್ ಎಂಬ ತಜ್ಞ ತಂತ್ರಾಂಶವನ್ನು ಬಿಡಿಸಿ ನೋಡಿ, ಕಡತಗಳನ್ನು ಮರಳಿ ಪಡೆಯುವ ಸಾಧನವನ್ನು ಸಿದ್ಧಪಡಿಸಿ ಹಂಚಿದರು.

1996ರಲ್ಲಿ ಆಡಂ ಯಂಗ್ ಮತ್ತು ಮೋಟಿ ಯುಂಗ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಬಂಧದಲ್ಲಿ ಎಚ್ಚರಿಕೆ ಕೊಟ್ಟರು: ಹಾಕಲು ಒಂದು, ತೆಗೆಯಲು ಇನ್ನೊಂದು ಎಂಬ ಎರಡು ಕೀಲಿಗಳ ಬೀಗವನ್ನು ವೈರಸ್ ಬರೆಯುವವರು ಬಳಸಿದರೆ ಈ ದೋಷ ಇರುವುದಿಲ್ಲ. ಇಂದಿನ ಒತ್ತೆ ತಂತ್ರಾಂಶ ಅವರು ಹೆದರಿದ್ದ ಬಗೆಯದೇ.

ಎರಡು ಕೀಲಿಗಳ ಲೆಕ್ಕ

1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ವಿಧಾನದಲ್ಲಿ ಎರಡು ಕೀಲಿಗಳಿರುತ್ತವೆ. ಇದನ್ನು ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ತೋರಿಸಬಹುದು.

3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಗುಣಲಬ್ಧ 33. ಎಲ್ಲರಿಗೂ ತಿಳಿಸಬಹುದಾದ ಬಹಿರಂಗ ಕೀಲಿ 33 ಮತ್ತು 3. ಗುಟ್ಟಾಗಿಡಬೇಕಾದ ಖಾಸಗಿ ಕೀಲಿ 7. ಈಗ 4 ಎಂಬ ಸಂಖ್ಯೆಗೆ ಬೀಗ ಹಾಕೋಣ. 4ನ್ನು ಮೂರು ಸಲ ಗುಣಿಸಿದರೆ, ಅಂದರೆ 4×4×4, 64 ಬರುತ್ತದೆ. 64ನ್ನು 33ರಿಂದ ಭಾಗಿಸಿದರೆ ಶೇಷ 31. ಇದೇ ಬೀಗ ಬಿದ್ದ ಸಂಖ್ಯೆ.

ತೆರೆಯಲು 31ನ್ನು ಏಳು ಸಲ ಗುಣಿಸಿ 33ರಿಂದ ಭಾಗಿಸಬೇಕು. ಸುಲಭವಾಗಲು ಹಂತಹಂತವಾಗಿ ಶೇಷವನ್ನೇ ತೆಗೆದುಕೊಳ್ಳಿ. 31×31 ಎಂದರೆ 961. 33ರಿಂದ ಭಾಗಿಸಿದರೆ ಶೇಷ 4. ಎರಡು 31ಗಳು ಸೇರಿ 4 ಆದವು. ಹಾಗಾಗಿ ಆರು 31ಗಳು ಸೇರಿ 4×4×4, ಅಂದರೆ 64; ಅದರ ಶೇಷ 31. ಏಳನೆಯ 31ರಿಂದ ಗುಣಿಸಿದರೆ ಮತ್ತೆ 961, ಶೇಷ 4. ನಮ್ಮ ಮೂಲ ಸಂಖ್ಯೆ ಮರಳಿ ಬಂತು!

7 ಎಲ್ಲಿಂದ ಬಂತು? 3 ಮತ್ತು 11ರಲ್ಲಿ ಒಂದೊಂದು ಕಳೆದು ಗುಣಿಸಿದರೆ 2×10=20. ಬಹಿರಂಗ ಕೀಲಿಯ 3ರಿಂದ ಗುಣಿಸಿ 20ರಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. ಅಂಥ ಸಂಖ್ಯೆ 7. 3×7=21 ಅಲ್ಲವೆ? ಅಂದರೆ 33ರ ಅಪವರ್ತನಗಳು 3 ಮತ್ತು 11 ಎಂದು ತಿಳಿದವರಿಗೆ ಖಾಸಗಿ ಕೀಲಿ ಸಿಕ್ಕಂತೆಯೇ.

33ನ್ನು ಯಾರು ಬೇಕಾದರೂ ಒಡೆಯಬಹುದು. 8633ನ್ನು ಒಡೆಯಲು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ಉತ್ತರ 89×97. ಗುಣಿಸುವುದು ಅರ್ಧ ನಿಮಿಷದ ಕೆಲಸ, ಒಡೆಯುವುದು ಇಡೀ ಅವಧಿಯ ಕೆಲಸ. ಸಂಖ್ಯೆ ಬೆಳೆದಂತೆ ಈ ಅಂತರ ಬೆಟ್ಟದಷ್ಟಾಗುತ್ತದೆ. 250 ಅಂಕಿಗಳ ಒಂದು ಸಂಖ್ಯೆಯನ್ನು ಒಡೆದ ಸುದ್ದಿ 2020ರ ಫೆಬ್ರವರಿಯಲ್ಲಿ ಬಂತು. ಅದಕ್ಕೆ ತಗುಲಿದ ಗಣನೆಯನ್ನು ಸಂಸ್ಕಾರಕದ ಒಂದೇ ತಿರುಳಿಗೆ ವಹಿಸಿದ್ದರೆ ಸುಮಾರು 2,700 ವರ್ಷ ಬೇಕಾಗುತ್ತಿತ್ತು. ಒತ್ತೆ ತಂತ್ರಾಂಶಗಳು ಸಾಮಾನ್ಯವಾಗಿ ಬಳಸುವ 2048 ಬಿಟ್‌ಗಳ ಕೀಲಿಯಲ್ಲಿ 617 ಅಂಕಿಗಳಿರುತ್ತವೆ.

ಕಡತಗಳನ್ನು ಮಾತ್ರ ಇನ್ನೂ ವೇಗದ, ಒಂದೇ ಕೀಲಿಯ ವಿಧಾನದಿಂದ ಮುಚ್ಚಲಾಗುತ್ತದೆ. ಆ ಕೀಲಿ ಯಾದೃಚ್ಛಿಕವಾಗಿ ಅಲ್ಲೇ ಹುಟ್ಟುತ್ತದೆ. ಕೆಲಸ ಮುಗಿದೊಡನೆ ಅದಕ್ಕೆ ಬಹಿರಂಗ ಕೀಲಿಯಿಂದ ಬೀಗ ಹಾಕಿ, ಮೂಲವನ್ನು ಅಳಿಸಲಾಗುತ್ತದೆ. ಆ ಚಿಕ್ಕ ಕೀಲಿಯನ್ನು ಊಹಿಸಬಾರದೆ? 128 ಬಿಟ್‌ಗಳ ಕೀಲಿಯಲ್ಲಿ 2ನ್ನು 128 ಸಲ ಗುಣಿಸಿದಷ್ಟು, ಅಂದರೆ 39 ಅಂಕಿಗಳ ಸಂಖ್ಯೆಯಷ್ಟು ಸಾಧ್ಯತೆಗಳಿವೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸಿದರೂ ಎಲ್ಲವನ್ನೂ ಮುಗಿಸಲು ವಿಶ್ವದ ಈವರೆಗಿನ ಆಯುಸ್ಸಿನ ಸುಮಾರು 78 ಕೋಟಿ ಪಟ್ಟು ಕಾಲ ಬೇಕು. 1380 ಕೋಟಿ ವರ್ಷಗಳನ್ನು ವಿಶ್ವದ ಆಯುಸ್ಸೆಂದು ಹಿಡಿದು ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ಇದೇ ಗಣಿತ ನಮ್ಮ ಬ್ಯಾಂಕಿನ ವ್ಯವಹಾರವನ್ನೂ ಕಾಯುತ್ತದೆ. ಬೀಗ ಒಳ್ಳೆಯದೇ, ಕೀಲಿ ಯಾರ ಕೈಯಲ್ಲಿದೆ ಎಂಬುದು ಪ್ರಶ್ನೆ.

ಹಣ ಕೊಟ್ಟರೆ ಸಿಗುವುದೆ?

ಎಷ್ಟೋ ಸಲ ಸಿಗುವುದಿಲ್ಲ. 2017ರ ಮೇ 12ರಂದು ಹರಡಿದ 'ವಾನಾಕ್ರೈ' ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಗ್ರಾಮ ಪಂಚಾಯಿತಿ ಕಚೇರಿಯ ಗಣಕಗಳೂ ಸಿಕ್ಕಿಬಿದ್ದವು. ಅದು ಕೇಳುತ್ತಿದ್ದುದು 300 ಡಾಲರ್ ಬೆಲೆಯ ಬಿಟ್‌ಕಾಯಿನ್. ಆದರೆ ಎಲ್ಲರ ಹಣವೂ ಹೋಗುತ್ತಿದ್ದುದು ಮೂರೇ ಮೂರು ಖಾತೆಗಳಿಗೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ತಾನಾಗಿ ಗುರುತಿಸುವ ಏರ್ಪಾಡೇ ಅದರಲ್ಲಿರಲಿಲ್ಲ.

ಅದೇ ವರ್ಷ ಜೂನ್ 27ರಂದು ಕಾಣಿಸಿಕೊಂಡ 'ನಾಟ್‌ಪೆಟ್ಯಾ' ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲಿನ ಕೆಲಸವನ್ನು ನಿಲ್ಲಿಸಿತು. ಅದು ತೋರಿಸುತ್ತಿದ್ದ ಗುರುತಿನ ಸಂಖ್ಯೆ ಬರಿಯ ಯಾದೃಚ್ಛಿಕ ಅಕ್ಷರಗಳ ಸಾಲು. ಅದರಿಂದ ಕೀಲಿ ಪಡೆಯಲು ಬರೆದವರಿಗೂ ಸಾಧ್ಯವಿರಲಿಲ್ಲ. ಒತ್ತೆಯ ಸೋಗಿನಲ್ಲಿ ಬಂದ ಶುದ್ಧ ವಿನಾಶ ಅದು.

ಕೊಟ್ಟ ಹಣ ಮುಂದಿನ ದಾಳಿಗೆ ಬಂಡವಾಳವಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಒಳಬರುವ ಬಾಗಿಲುಗಳು

ಬೀಗವನ್ನು ಒಡೆಯಲಾಗದು ಎಂದ ಮೇಲೆ ಕಳ್ಳ ಒಳಗೆ ಬಾರದಂತೆ ತಡೆಯಬೇಕು. ನಾಲ್ಕು ಬಾಗಿಲುಗಳನ್ನು ಮುಖ್ಯವಾಗಿ ಗಮನಿಸಿ.

ಮೊದಲನೆಯದು ಹಳತಾದ ಕಾರ್ಯಾಚರಣ ವ್ಯವಸ್ಥೆ. ವಾನಾಕ್ರೈ ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ದಾಳಿ ನಡೆದದ್ದು 59 ದಿನಗಳ ನಂತರ! ನವೀಕರಣದ ಸೂಚನೆ ಬಂದಾಗ 'ಆಮೇಲೆ' ಎಂಬುದನ್ನು ಒತ್ತುತ್ತಾ ಹೋದವರು ಅಂದು ಬೆಲೆ ತೆತ್ತರು. ನಿಮ್ಮ ಗಣಕಗಳಲ್ಲಿ ಯಾವ ವಿಂಡೋಸ್ ಇದೆ ಎಂದು ಇಂದೇ ನೋಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿದೆ. ಹೊಸ ವಿಂಡೋಸ್ ಓಡಿಸಲಾಗದ ಹಳೆಯ ಗಣಕವನ್ನು ಎಸೆಯಬೇಕಿಲ್ಲ. ಅದಕ್ಕೆ ಲಿನಕ್ಸ್ ಹಾಕಬಹುದು, ಅಥವಾ ಅಂತರಜಾಲದ ಸಂಪರ್ಕವಿಲ್ಲದೆ ಬೆರಳಚ್ಚಿಗಷ್ಟೇ ಬಳಸಬಹುದು.

ಎರಡನೆಯದು ಕದ್ದ ತಂತ್ರಾಂಶ. ದುಬಾರಿ ತಂತ್ರಾಂಶವನ್ನು ಹಣವಿಲ್ಲದೆ ನಡೆಸಲು 'ಕ್ರ್ಯಾಕ್' ಹುಡುಕುವುದು ನಮ್ಮಲ್ಲಿ ಬಹು ದಿನಗಳ ಚಾಳಿ. ಮನೆಯ ಗಣಕಗಳನ್ನೇ ಹೆಚ್ಚಾಗಿ ಕಾಡಿದ 'ಸ್ಟಾಪ್' ಅಥವಾ 'ಡಿಜೆವಿಯು' ಎಂಬ ಒತ್ತೆ ತಂತ್ರಾಂಶ ಹರಡಿದ್ದು ಮುಖ್ಯವಾಗಿ ಇಂಥ ಕ್ರ್ಯಾಕ್‌ಗಳ ಮೂಲಕ. ಅದರ ಬೇಡಿಕೆ 980 ಡಾಲರ್. 72 ಗಂಟೆಯೊಳಗೆ ಕೊಟ್ಟರೆ ಅರ್ಧ. ಕ್ರ್ಯಾಕ್ ಹಾಕುವ ಮುನ್ನ ವೈರಸ್‌ನಿರೋಧಕವನ್ನು ನಿಲ್ಲಿಸಿ ಎಂಬ ಸೂಚನೆ ಅದರ ಜೊತೆಗೇ ಬರುವುದುಂಟು. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆಯಿರಿ ಎಂದು ಹೇಳುವವನನ್ನು ನಂಬಬಹುದೆ? ಮುಕ್ತ ತಂತ್ರಾಂಶಗಳಾದ ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್‌ಗಳು ಉಚಿತವಾಗಿ ಸಿಗುವಾಗ ಶಾಲೆಯಲ್ಲಿ ಕದ್ದದ್ದನ್ನು ಬಳಸುವ ಅಗತ್ಯವೇ ಇಲ್ಲ.

ಮೂರನೆಯದು ಮಿಂಚಂಚೆಗೆ ಲಗತ್ತಿಸಿದ ಕಡತ. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯು' ಹುಳು ಪ್ರೇಮಪತ್ರದ ಹೆಸರಿನಲ್ಲಿ ಬಂದಿತ್ತು. ಆ ಕಡತಕ್ಕೆ ಎರಡು ಬಾಲಗಳಿದ್ದವು. ಮೊದಲನೆಯದು ಪಠ್ಯ ಎಂದು ತೋರಿಸುವ ಬಾಲ, ಕೊನೆಯದು ಅದು ಓಡಬಲ್ಲ ಕಾರ್ಯಕ್ರಮ ಎಂದು ಹೇಳುವ ಬಾಲ. ವಿಂಡೋಸ್ ಕೊನೆಯ ಬಾಲವನ್ನು ಮುಚ್ಚಿಡುವುದರಿಂದ ಜನ ಮೋಸಹೋದರು. ಕಡತದ ಬಾಲವನ್ನು, ಅಂದರೆ ವಿಸ್ತರಣೆಯನ್ನು, ತೋರಿಸುವ ಆಯ್ಕೆ ವಿಂಡೋಸ್‌ನ 'ವ್ಯೂ' ಪಟ್ಟಿಯಲ್ಲಿದೆ. ಅದನ್ನು ಚಾಲೂ ಮಾಡಿಡಿ. ಬಿಲ್ಲು, ರಸೀದಿ ಅಥವಾ ಛಾಯಾಚಿತ್ರ ಎಂದು ಬಂದ ಕಡತದ ಬಾಲ 'ಇಎಕ್ಸ್‌ಇ' ಎಂದಿದ್ದರೆ ತೆರೆಯಬೇಡಿ.

ನಾಲ್ಕನೆಯದು ಪೆನ್‌ಡ್ರೈವ್. ಅದನ್ನು ಚುಚ್ಚಿದಾಗ ನಿಮ್ಮ ಫೋಲ್ಡರ್ ಇರಬೇಕಾದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್ ಕಾಣಿಸಿದರೆ ಎಚ್ಚರ. ವೈರಸ್ ಮೂಲ ಫೋಲ್ಡರನ್ನು ಅಡಗಿಸಿ, ತನ್ನ ಕಡೆಗೆ ಕೈಮರ ನೆಟ್ಟಿದೆ ಎಂದರ್ಥ. ಡಿಟಿಪಿ ಅಂಗಡಿಗೆ ಬೇರೆಯೇ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅದರಲ್ಲಿ ಮುದ್ರಿಸಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರದಿರಲಿ. ಹಿಂದಿರುಗಿದ ಮೇಲೆ ಅದನ್ನು ವೈರಸ್‌ನಿರೋಧಕದಿಂದ ಪರೀಕ್ಷಿಸದೆ ತೆರೆಯಬೇಡಿ.

ವೈರಸ್‌ನಿರೋಧಕ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಗೊತ್ತಿರುವ ಕುತಂತ್ರಾಂಶಗಳ ಹೆಜ್ಜೆಗುರುತಿನೊಂದಿಗೆ ಕಡತವನ್ನು ಹೋಲಿಸುವುದು ಒಂದು. ಯಾವುದಾದರೂ ಕಾರ್ಯಕ್ರಮ ಒಮ್ಮೆಗೇ ನೂರಾರು ಕಡತಗಳನ್ನು ಬದಲಿಸತೊಡಗಿದರೆ ಆ ನಡವಳಿಕೆಯನ್ನು ಗುರುತಿಸಿ ತಡೆಯುವುದು ಇನ್ನೊಂದು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎರಡನ್ನೂ ಮಾಡುತ್ತದೆ. ಭಾರತ ಸರ್ಕಾರ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಸಾಧನಗಳನ್ನು ಒದಗಿಸುತ್ತದೆ. ಆದರೆ ನಿನ್ನೆ ತಾನೇ ಹುಟ್ಟಿದ ಕುತಂತ್ರಾಂಶದ ಹೆಜ್ಜೆಗುರುತು ಯಾರಲ್ಲಿಯೂ ಇರುವುದಿಲ್ಲ. ಕಾವಲು ಬೇಕು, ಕಾವಲೊಂದೇ ಸಾಲದು.

ಜೇಬಿನಲ್ಲಿರುವ ಗಣಕ

ಮೊಬೈಲ್ ಕೂಡ ಗಣಕವೇ. ಅದರಲ್ಲಿ ಹಣವೂ ಇರುವುದರಿಂದ ಅಲ್ಲಿ ಕಳ್ಳನ ಹಂಚಿಕೆ ಬೇರೆ. ಬಸವೇಶ್ವರನಗರದ ನಿಮ್ಮ ಮನೆಯವರಿಗೆ ವಾಟ್ಸ್‌ಆಪ್‌ನಲ್ಲಿ ಮದುವೆಯ ಆಮಂತ್ರಣ ಪತ್ರಿಕೆ ಬರುತ್ತದೆ. ಅಥವಾ ಸಂಚಾರ ನಿಯಮ ಉಲ್ಲಂಘನೆಯ ದಂಡದ ಚಲನ್ ಬರುತ್ತದೆ. ಒತ್ತಿದರೆ ಚಿತ್ರದ ಬದಲು, ಆಪ್ ಒಂದನ್ನು ಸ್ಥಾಪಿಸಲೆ ಎಂಬ ಪ್ರಶ್ನೆ ಕಾಣಿಸುತ್ತದೆ. ಕಡತದ ಬಾಲ 'ಎಪಿಕೆ'. ಇಂಥ ಆಮಂತ್ರಣಗಳ ಬಗ್ಗೆ 2024ರಲ್ಲಿ ಪೊಲೀಸರು ಎಚ್ಚರಿಕೆ ನೀಡಿದ್ದರು. ಕಳಿಸಿದವರು ಗುರುತಿನವರೇ ಆಗಿದ್ದರೂ ನಂಬುವಂತಿಲ್ಲ. ಅವರ ಫೋನ್ ಮೊದಲೇ ಕಳ್ಳನ ವಶವಾಗಿರಬಹುದು.

ಆ ಆಪ್ ಸಾಮಾನ್ಯವಾಗಿ ಕೇಳುವುದು ಎರಡು ಅನುಮತಿಗಳನ್ನು. ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಕಳ್ಳನಿಗೂ ಹೋಗುತ್ತದೆ. ಅಂಗವಿಕಲರ ನೆರವಿಗೆಂದು ಆಂಡ್ರಾಯ್ಡ್‌ನಲ್ಲಿ ಇರುವ 'ಆಕ್ಸೆಸಿಬಿಲಿಟಿ' ಸೌಲಭ್ಯವನ್ನು ಕೊಟ್ಟರೆ ಪರದೆಯ ಮೇಲಿನದನ್ನು ಓದುವ, ನಿಮ್ಮ ಪರವಾಗಿ ಗುಂಡಿ ಒತ್ತುವ ಶಕ್ತಿಯೂ ಅದಕ್ಕೆ ಸಿಗುತ್ತದೆ. ಮದುವೆಯ ಕರೆಯೋಲೆಗೆ ಒಟಿಪಿ ಓದುವ ಕೆಲಸವೇನು? ಈ ಒಂದು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಮನೆಯ ಹಿರಿಯರಿಗೂ ಮಕ್ಕಳಿಗೂ ಆಗಬೇಕು.

ಫೋನಿನ ಸೆಟ್ಟಿಂಗ್‌ನಲ್ಲಿ ಅಪರಿಚಿತ ಮೂಲದ ಆಪ್‌ಗಳನ್ನು ಸ್ಥಾಪಿಸುವ ಅನುಮತಿ ಯಾವ ಆಪ್‌ಗೂ ಇರದಂತೆ ನೋಡಿಕೊಳ್ಳಿ. ಪ್ಲೇ ಪ್ರೊಟೆಕ್ಟ್ ಚಾಲೂ ಇರಲಿ. ಈಗಾಗಲೇ ಎಪಿಕೆ ಸ್ಥಾಪಿಸಿಬಿಟ್ಟಿದ್ದರೆ ತಕ್ಷಣ ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಬೇರೊಂದು ಫೋನಿನಿಂದ, ಕಾರ್ಡಿನ ಹಿಂದೆ ಮುದ್ರಿಸಿರುವ ಸಂಖ್ಯೆಗೆ ಕರೆಮಾಡಿ ಬ್ಯಾಂಕಿಗೆ ತಿಳಿಸಿ.

ತಂತಿ ಇಲ್ಲದ ಪ್ರತಿ

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಯಾರೋ ಅವಸರದಲ್ಲಿ ಒಂದು ಕಡತವನ್ನು ಒತ್ತಿಬಿಡುತ್ತಾರೆ. ಆಗ ಉಳಿಸುವುದು ಯಾವುದು?

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ ಇಂಥ ಬೀಗ ಬಿತ್ತು. ರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ ಎಲ್ಲವನ್ನೂ ಸುಮಾರು ಎರಡು ವಾರ ಕೈಯಲ್ಲಿ ಬರೆಯಬೇಕಾಯಿತು. ದೇಶದ ತಜ್ಞ ಸಂಸ್ಥೆಗಳೆಲ್ಲ ಅಲ್ಲಿ ನೆರೆದರೂ ಆಸ್ಪತ್ರೆಯ ದತ್ತಾಂಶ ಮರಳಿ ಬಂದದ್ದು ಬೀಗವನ್ನು ಒಡೆದುದರಿಂದಲ್ಲ. ಸೋಂಕು ತಗುಲದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ದತ್ತಾಂಶವನ್ನು ಪಡೆದು ಹೊಸ ಸರ್ವರ್‌ಗಳಲ್ಲಿ ಸ್ಥಾಪಿಸಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

'ತಗುಲದೆ ಉಳಿದಿದ್ದ' ಎಂಬ ಮಾತನ್ನು ಗಮನಿಸಿ. ಒತ್ತೆ ತಂತ್ರಾಂಶ ಒಳಬಂದ ಮೇಲೆ ಗಣಕಕ್ಕೆ ಜೋಡಿಸಿರುವ ಪ್ರತಿಯೊಂದು ಡ್ರೈವ್‌ಗೂ ಹೋಗುತ್ತದೆ. ಸದಾ ಚುಚ್ಚಿಕೊಂಡೇ ಇರುವ ಹೊರ ಹಾರ್ಡ್‌ಡಿಸ್ಕಿನಲ್ಲಿ ನೀವು ಇಟ್ಟ ಪ್ರತಿಗೂ ಬೀಗ ಬೀಳುತ್ತದೆ. ಗೂಗಲ್ ಡ್ರೈವ್‌ನಂಥ ಮೋಡಸಂಗ್ರಹಕ್ಕೆ ತಾನಾಗಿ ಏರುವ ಫೋಲ್ಡರ್ ಕೂಡ, ಬೀಗ ಬಿದ್ದ ಕಡತವನ್ನೇ ಹೊಸ ಆವೃತ್ತಿ ಎಂದು ಏರಿಸಿಬಿಡುತ್ತದೆ. ಹಳೆಯ ಆವೃತ್ತಿಗಳು ಕೆಲವು ದಿನ ಉಳಿದಿರುತ್ತವೆ. ಅಷ್ಟರೊಳಗೆ ನೋಡಿಕೊಂಡರೆ ಮಾತ್ರ ಪ್ರಯೋಜನ.

ಆದ್ದರಿಂದ 3-2-1 ಎಂಬ ನಿಯಮವನ್ನು ನೆನಪಿಡಿ. ಮುಖ್ಯ ಕಡತಗಳು ಒಟ್ಟು ಮೂರು ಕಡೆ ಇರಲಿ. ಎರಡು ಬೇರೆ ಬೇರೆ ಬಗೆಯ ಮಾಧ್ಯಮದಲ್ಲಿರಲಿ. ಒಂದು ಬೇರೆ ಸ್ಥಳದಲ್ಲಿರಲಿ. ನಮ್ಮ ಶಾಲೆಯ ಉದಾಹರಣೆಯಲ್ಲಿ, ಒಂದು ಪ್ರತಿ ಕಚೇರಿಯ ಗಣಕದಲ್ಲಿ, ಒಂದು ಹೊರ ಹಾರ್ಡ್‌ಡಿಸ್ಕಿನಲ್ಲಿ, ಒಂದು ಮೋಡಸಂಗ್ರಹದಲ್ಲಿ. ಹಾರ್ಡ್‌ಡಿಸ್ಕನ್ನು ಶನಿವಾರ ಮಧ್ಯಾಹ್ನ ಚುಚ್ಚಿ, ಪ್ರತಿ ಮಾಡಿ, ಕಿತ್ತು ಬೀರುವಿನಲ್ಲಿಡಿ. ಎರಡು ಡಿಸ್ಕುಗಳಿದ್ದರೆ ವಾರಕ್ಕೊಂದರಂತೆ ಬಳಸಿ. ಒಂದಕ್ಕೆ ಅರಿವಿಲ್ಲದೆ ಕೆಟ್ಟ ಪ್ರತಿ ಹೋದರೂ ಇನ್ನೊಂದರಲ್ಲಿ ಹಿಂದಿನ ವಾರದ್ದು ಇರುತ್ತದೆ.

ಪ್ರತಿ ಇದೆ ಎಂದುಕೊಂಡರೆ ಸಾಲದು, ಅದು ತೆರೆಯಬೇಕು. ತಿಂಗಳಿಗೊಮ್ಮೆ ಬೇರೊಂದು ಗಣಕದಲ್ಲಿ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ಬೆಂಕಿ ಆರಿಸುವ ಸಿಲಿಂಡರನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದಿಲ್ಲವೆ? ಹಾಗೆಯೇ ಇದು.

ದಾಳಿ ಆಗಿಯೇಹೋದರೆ

ಮೊದಲು ಜಾಲದ ತಂತಿ ಕಿತ್ತು, ವೈಫೈ ಆರಿಸಿ; ಚುಚ್ಚಿರುವ ಡ್ರೈವ್‌ಗಳನ್ನು ಬೇರ್ಪಡಿಸಿ. 2024ರ ಜುಲೈನಲ್ಲಿ ಸಣ್ಣ ಬ್ಯಾಂಕುಗಳಿಗೆ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ದಾಳಿಯಾದಾಗ ರಾಷ್ಟ್ರೀಯ ಪಾವತಿ ನಿಗಮ ಮಾಡಿದ್ದೂ ಇದನ್ನೇ. ಆ ಸಂಸ್ಥೆಯನ್ನು ಚಿಲ್ಲರೆ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಕತ್ತರಿಸಿತು. ಸುಮಾರು 300 ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾದರೂ ಸೋಂಕು ಮುಂದಕ್ಕೆ ಹರಿಯಲಿಲ್ಲ.

ಎರಡನೆಯದಾಗಿ, ಪರದೆಯ ಮೇಲಿನ ಟಿಪ್ಪಣಿಯ ಚಿತ್ರ ತೆಗೆದಿಡಿ. ಬೀಗ ಬಿದ್ದ ಕಡತಗಳನ್ನು ಅಳಿಸಬೇಡಿ. ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ. ಕೆಲವು ಬೀಗಗಳಲ್ಲಿ ಇಂದಿಗೂ 1989ರಂಥ ದೋಷ ಇರುವುದುಂಟು. ಡಿಜೆವಿಯು ತನ್ನ ಸರ್ವರನ್ನು ತಲುಪಲಾಗದಿದ್ದಾಗ ಒಳಗಿದ್ದ ಒಂದೇ ಕೀಲಿಯನ್ನು ಎಲ್ಲರಿಗೂ ಬಳಸುತ್ತಿತ್ತು. ಅದರ ಹಳೆಯ ರೂಪಗಳ ಬಲಿಪಶುಗಳಿಗಾಗಿ 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಸಂಸ್ಥೆ ಉಚಿತ ಬಿಡಿಸುವ ಸಾಧನ ಹೊರತಂದಿತು. ಯೂರೋಪಿನ ಪೊಲೀಸರು ಮತ್ತು ಭದ್ರತಾ ಸಂಸ್ಥೆಗಳು 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಇಂಥ ಸಾಧನಗಳು ಒಟ್ಟಾಗಿ ಸಿಗುತ್ತವೆ. ಇದು ಅದೃಷ್ಟದ ಮಾತು, ಇದನ್ನೇ ನೆಚ್ಚಿಕೊಂಡಿರಬಾರದು.

ಮೂರನೆಯದಾಗಿ, ದೂರು ಕೊಡಿ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಸಂಸ್ಥೆಗಳು 2004ರಿಂದ ಕೆಲಸ ಮಾಡುತ್ತಿರುವ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೆ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು 2022ರ ನಿರ್ದೇಶನ ಹೇಳುತ್ತದೆ. ತಮಾಷೆಗೆಂದು ವೈರಸ್ ಬಿಡುವ ಉತ್ಸಾಹಿ ವಿದ್ಯಾರ್ಥಿಗಳಿಗೂ ಒಂದು ಮಾತು: ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ಅದು ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಈಗ ಆ ಸೋಮವಾರಕ್ಕೆ ಹಿಂದಿರುಗೋಣ. ಅದೇ ಕಚೇರಿ, ಅದೇ ಟಿಪ್ಪಣಿ. ಆದರೆ ಬೀರುವಿನಲ್ಲಿ ಶನಿವಾರ ಮಧ್ಯಾಹ್ನ ಕಿತ್ತಿಟ್ಟ ಹಾರ್ಡ್‌ಡಿಸ್ಕ್ ಇದೆ. ನೀವು ಜಾಲದ ತಂತಿ ಕೀಳುತ್ತೀರಿ, ದೂರು ಕೊಡುತ್ತೀರಿ, ಸೋಂಕಿಲ್ಲದ ಬೇರೊಂದು ಗಣಕದಲ್ಲಿ ಅಂಕಪಟ್ಟಿ ತೆರೆಯುತ್ತೀರಿ. ಒಂದೆರಡು ದಿನದ ಕೆಲಸ ಹಾಳಾಗಿರಬಹುದು. ಒಂದು ವರ್ಷದ್ದು ಹಾಳಾಗುವುದಿಲ್ಲ. 617 ಅಂಕಿಗಳ ಸಂಖ್ಯೆಯನ್ನು ಒಡೆಯುವ ಗೊಡವೆಯೇ ನಿಮಗೆ ಬೇಕಿಲ್ಲ.

ಈ ಸಂಚಿಕೆಯನ್ನು ಮುಚ್ಚಿಟ್ಟ ಮೇಲೆ ಮಾಡಬೇಕಾದ ಕೆಲಸ ಒಂದೇ. ಕಳೆದುಹೋದರೆ ಮತ್ತೆ ಸಿಗದ ಕಡತಗಳು ನಿಮ್ಮ ಗಣಕದಲ್ಲಿ ಮತ್ತು ಫೋನಿನಲ್ಲಿ ಯಾವುವು ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿಯೊಂದರ ಎದುರಿಗೂ ಅದರ ತಂತಿಯಿಲ್ಲದ ಪ್ರತಿ ಎಲ್ಲಿದೆ ಎಂದು ಬರೆಯಿರಿ. ಖಾಲಿ ಉಳಿದ ಜಾಗಗಳನ್ನು ಈ ಶನಿವಾರವೇ ತುಂಬಿರಿ.